ಮೇಣದೊಳಗಿನ ಐದು ಜೋಳ

"ಇಂಥ ಹೊಲಿಗೆ ಹಾಕುವ ಕೈಗಳೆಲ್ಲ ಎಂದೋ ಸತ್ತುಹೋದವು" ಎಂದು ಡೆರೆಕ್ ಇಂಗ್ಲಿಷಿನಲ್ಲಿ ಹೇಳಿದಾಗ, ಈರವ್ವ ಅವನಿಂದ ನಾಲ್ಕು ಮಾರು ಆಚೆ ಕೂತು ಸೂಜಿಯ ಕಣ್ಣಿಗೆ ದಾರ ತೂರಿಸುತ್ತಿದ್ದಳು. ದಾರ ತಪ್ಪಿತು. ಅವಳ ಕೈಯಲ್ಲಿ ಹಾಗೆ ತಪ್ಪುವುದು ಅಪರೂಪ.

ಡೆರೆಕ್ ಆ ಅಂಗಡಿಯ ಯಜಮಾನ. ಪರದೇಶದ ಮಿಸಿಸಾಗಾ ಊರಲ್ಲಿ, ಡಂಡಾಸ್ ರಸ್ತೆಯ ಹಿಂದೆ, ಟೈರಿನ ಗೋದಾಮಿಗೆ ಅಂಟಿಕೊಂಡಿದ್ದ ಉದ್ದನೆಯ ಶೆಡ್ಡು ಅದು. ಹಳೆಯ ಬ್ರಿಟಿಷ್ ಕಾರುಗಳನ್ನು ಬಿಚ್ಚಿ, ತುಕ್ಕು ಕೆರೆದು, ಮತ್ತೆ ಜೋಡಿಸುವ ಜಾಗ. ಅಲ್ಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಎಂಜಿಬಿ ಅನ್ನುವ ಎರಡೇ ಸೀಟಿನ, ಮೇಲೆ ಬಟ್ಟೆಯ ಚಾವಣಿ ಇರುವ, ನೆಲಕ್ಕೆ ಹೊಟ್ಟೆ ತಾಗುವಂಥ ಪುಟ್ಟ ಗಾಡಿ. ಅದರ ಸೀಟು, ಚಾವಣಿ, ಕೆಳಗೆ ಹಾಸುವ ಕಾರ್ಪೆಟ್ಟು, ಎಲ್ಲ ಹೊಲಿಯುವವಳು ಈರವ್ವ. ಹನ್ನೆರಡು ವರ್ಷದಿಂದ ಅವಳೊಬ್ಬಳೇ.

ಆ ಗುರುವಾರ ಡೆರೆಕ್ ಕೆಂಪು ಎಂಜಿಬಿಯೊಂದರ ಬಾಗಿಲು ತೆಗೆದು ಗಿರಾಕಿಗೆ ತೋರಿಸುತ್ತಿದ್ದ. "ಅರವತ್ಮೂರರ ಗಾಡಿ. ಈ ಸೀಟು ನೋಡಿ, ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇದೆ. ಯಾರೂ ಮುಟ್ಟಿಲ್ಲ."

ಈರವ್ವ ಕನ್ನಡಕ ಏರಿಸಿಕೊಂಡು ಆ ಸೀಟು ನೋಡಿದಳು. ಕರಿ ಚರ್ಮ, ಬಿಳಿ ಅಂಚುಪಟ್ಟಿ. ಎಡಗಡೆ ಸೀಟಿನ ಮೂಲೆಯಲ್ಲಿ ಪಟ್ಟಿ ತಿರುಗುವ ಕಡೆ ಮೂರು ಹೊಲಿಗೆ ಒತ್ತೊತ್ತಾಗಿ ಬಿದ್ದಿದ್ದವು. ಮಿಷನ್ನು ಹಾಗೆ ಹಾಕುವುದಿಲ್ಲ. ಅಲ್ಲಿ ಮಿಷನ್ನಿನ ಪಾದ ಹೋಗುವುದೇ ಇಲ್ಲ ಅಂತ ಕೈಯಿಂದ ಹಾಕಿದವಳು ಅವಳೇ, ತೊಂಬತ್ನಾಲ್ಕರ ಚಳಿಗಾಲದಲ್ಲಿ, ಈ ಗಾಡಿಯ ಬಣ್ಣ ಹಸಿರಾಗಿದ್ದಾಗ.

ಅವಳಿಗೆ ತಿಳಿಯದೆ ಬಾಯಿಂದ ಬಂತು: "ಅಯ್ಯ ಶಿವನ!"

ಗಿರಾಕಿ ಗಕ್ಕನೆ ತಿರುಗಿದ. ನಲವತ್ತರ ಆಸುಪಾಸಿನವನು, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ. "ಕನ್ನಡದವ್ರಾ ಅಮ್ಮಾ? ಅಯ್ಯೋ ದೇವರೇ! ನಾನು ಸತ್ಯಪ್ರಕಾಶ್ ಅಂತ, ಮೈಸೂರಿನವನು. ಮೆಡೋವೇಲಲ್ಲಿ ಸಾಫ್ಟ್‌ವೇರಲ್ಲಿದೀನಿ. ನೋಡಿ, ನಾನು ಹುಟ್ಟಿದ್ದು ಅರವತ್ಮೂರು. ಈ ವರ್ಷ ನಲವತ್ತು ತುಂಬತ್ತೆ. ನಾನು ಹುಟ್ಟಿದ ವರ್ಷದ ಗಾಡೀನೇ ಬೇಕು ಅಂತ ಎರಡು ವರ್ಷದಿಂದ ಸರ್ಚ್ ಮಾಡ್ತಿದೀನಿ. ಇದು ಒರಿಜಿನಲ್ ತಾನೆ ಅಮ್ಮಾ?"

ಡೆರೆಕ್‌ಗೆ ಮಾತು ತಿಳಿಯದಿದ್ದರೂ 'ಒರಿಜಿನಲ್' ತಿಳಿಯಿತು. ಅವನು ಗಿರಾಕಿಯ ಹೆಗಲ ಮೇಲಿಂದ ಈರವ್ವನನ್ನೇ ನೋಡಿದ. ಅರವತ್ತೊಂದು ವರ್ಷದ ಹೆಂಗಸಿಗೆ, ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳಿಗೆ, ಇನ್ನೊಂದು ಅಂಗಡಿಯಲ್ಲಿ ಮಣೆ ಯಾರು ಹಾಕುತ್ತಾರೆ ಅನ್ನುವುದೆಲ್ಲ ಆ ನೋಟದಲ್ಲಿತ್ತು.

"ಸೀಟು ಛಲೋ ಐತ್ರಿ" ಅಂದಳು ಈರವ್ವ.

ಅದು ಸುಳ್ಳಲ್ಲ. ಆದರೂ ಬಸ್ಸಿನಲ್ಲಿ ಮನೆ ಸೇರುವ ತನಕ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತ್ತು. ಮೀನು ತಿನ್ನದವಳಿಗೂ ಆ ಹೋಲಿಕೆ ಯಾಕೆ ಬಂತೋ, ಅಂತೂ ಬಂತು.

ಮನೆಯಲ್ಲಿ ಗಂಡ ಶೇಖಪ್ಪ ಬದನೆಕಾಯಿ ಹೆಚ್ಚುತ್ತ ಕೂತಿದ್ದ. ಮಾಲ್ಟನ್ನಿನ ಗೋದಾಮಿನ ಕೆಲಸ ಬಿಟ್ಟ ಮೇಲೆ ಅಡುಗೆ ಅವನದೇ. ಎಲ್ಲ ಕೇಳಿ ಅಂದ: "ಅಂದ್ರ ನಿನ್ನ ಹೊಲಿಗಿ ಕದ್ದಾನಂತೀ?"

"ಕದ್ದಿದ್ರ ಬ್ಯಾರೆ ಮಾತು. ನನ್ನ ಕೈಯಾಗಿಂದು ತಗದು ಸತ್ತವರ ಕೈಯಾಗ ಇಟ್ಟಾನ. ನಾ ಅಲ್ಲೇ ಕುಂತೀನಿ, ಉಸರಾಡಾಕತ್ತೀನಿ, ನನ್ನ ಮುಂದ!"

"ಹೇಳಿದ್ರ ಕೆಲಸ ಹೋಗತೈತಿ."

"ಹೌದು."

"ನೀ ಮನ್ಯಾಗ ಕುಂತ್ರ ನನ್ನ ಅಡಗಿಗೆ ಹೆಸರಿಡ್ತೀ ದಿನಾ."

"ಈಗೂ ಇಡ್ತೀನಲ್ಲ."

ಶೇಖಪ್ಪ ನಕ್ಕ. ಈರವ್ವ ನಗಲಿಲ್ಲ. ಆ ಗಾಡಿ ಭಾನುವಾರ ಪೋರ್ಟ್ ಕ್ರೆಡಿಟ್ಟಿನಲ್ಲಿ ಹಳೆಯ ಕಾರುಗಳ ಮೇಳಕ್ಕೆ ಹೋಗುತ್ತದೆ. ಅಲ್ಲಿ ಪರೀಕ್ಷೆ ಮಾಡುವವರು ಒಪ್ಪಿ ರಿಬ್ಬನ್ನು ಕಟ್ಟಿದರೆ ಸತ್ಯಪ್ರಕಾಶ ಅಲ್ಲೇ ಕೊಳ್ಳುತ್ತಾನೆ. ಅಷ್ಟು ಅವಳು ಕೇಳಿಸಿಕೊಂಡಿದ್ದಳು.

ಈ ಗಾಡಿಗಳ ವಂಶಾವಳಿ ಅವಳಿಗೆ ಹೇಳಿಕೊಟ್ಟವನು ಡೆರೆಕ್ ಅಲ್ಲ, ಅವನ ಚಿಕ್ಕಪ್ಪ ಹೆರಾಲ್ಡ್. ಇಂಗ್ಲೆಂಡಿನಿಂದ ಬಂದ ಮುದುಕ. ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ತೊಂಬತ್ತೊಂದರಲ್ಲಿ ಮಗಳು ರಾಜೇಶ್ವರಿ ಅಪ್ಪ ಅವ್ವನನ್ನು ಕರೆಸಿಕೊಂಡ ಹೊಸತರಲ್ಲಿ, ಹುಬ್ಬಳ್ಳಿಯ ರೆಕ್ಸಿನ್ ಅಂಗಡಿಯಲ್ಲಿ ಬಸ್ಸಿನ ಸೀಟು ಹೊಲಿಯುತ್ತಿದ್ದ ಈರವ್ವ ಈ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದಳು. ಹೆರಾಲ್ಡ್ ಮಾತಾಡಲಿಲ್ಲ, ಒಂದು ತುಂಡು ಚರ್ಮ, ಸೂಜಿ, ದಾರ ಕೊಟ್ಟ. ಅವಳು ಹೊಲಿದು ಕೊಟ್ಟಳು. ಅವನು ಎರಡೂ ಕಡೆ ತಿರುಗಿಸಿ ನೋಡಿ, ಒಂದು ಕುರ್ಚಿ ಎಳೆದು ಕಿಟಕಿಯ ಹತ್ತಿರ ಹಾಕಿದ. ಅದೇ ಅವಳ ಮಣೆ.

ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಗಾಡಿಯ ಮೈ ಮುಟ್ಟಿಸಿ ಮುಟ್ಟಿಸಿ ಕಲಿಸಿದ. ಮೊಟ್ಟಮೊದಲ ಎಂಜಿಬಿ ಅರವತ್ತೆರಡರದು. ಅದರ ಬಾಗಿಲ ಹಿಡಿಕೆ ಎಳೆಯಬೇಕು. ಅರವತ್ತೈದು ಬರುವ ಹೊತ್ತಿಗೆ ಗುಂಡಿ ಒತ್ತುವ ಹಿಡಿಕೆ ಬಂತು. ಮೊದಲಿನವುಗಳಲ್ಲಿ ಒಂದನೇ ಗೇರು ಗಾಡಿ ಪೂರ್ತಿ ನಿಂತ ಮೇಲೇ ಬೀಳುತ್ತಿತ್ತು, ಆತುರಪಟ್ಟರೆ ಹಲ್ಲು ಕಡಿಯುತ್ತಿತ್ತು. ಅರವತ್ತೆಂಟರ ಗಾಡಿಗೆ ಹೊಸ ಗೇರುಪೆಟ್ಟಿಗೆ ಕೂಡಿಸಿದರು, ಹಲ್ಲು ಕಡಿಯುವುದು ನಿಂತಿತು. ಆದರೆ ಪೆಟ್ಟಿಗೆ ದಪ್ಪ. ಅದಕ್ಕಾಗಿ ಎರಡು ಸೀಟಿನ ನಡುವಿನ ತಗಡಿನ ಉಬ್ಬನ್ನು ಅಗಲ ಮಾಡಿದರು. ಎಪ್ಪತ್ತರದಕ್ಕೆ ಹೊಳೆಯುವ ಜಾಲರಿ ಹೋಗಿ ಕರಿ ಮೂತಿ ಬಂತು, ಸೀಟಿಗೆ ಚರ್ಮ ಹೋಗಿ ರೆಕ್ಸಿನ್ ಬಂತು. ಆ ರೆಕ್ಸಿನ್ ಮೊದಲ ಸಲ ಕೈಗೆ ಬಂದ ದಿನ ಈರವ್ವನಿಗೆ ಹುಬ್ಬಳ್ಳಿಯ ಸ್ನೇಹಿತೆ ಸಿಕ್ಕ ಹಾಗಾಗಿತ್ತು. ಎಪ್ಪತ್ನಾಲ್ಕರ ಕೊನೆಗೆ ಹಿಂದೆ ಮುಂದೆ ದಪ್ಪ ರಬ್ಬರಿನ ತುಟಿ ಹಚ್ಚಿ, ಗಾಡಿಯನ್ನು ಒಂದೂವರೆ ಇಂಚು ಮೇಲೆತ್ತಿದರು. ಎಂಬತ್ತರಲ್ಲಿ ಮಾಡುವುದೇ ನಿಲ್ಲಿಸಿದರು.

ಈರವ್ವನಿಗೆ ಇಂಗ್ಲಿಷ್ ಓದಲು ಬಾರದು. ಕಾರ್ಪೆಟ್ಟು ಕತ್ತರಿಸಲು ಅವಳು ಮಾಡಿಕೊಂಡ ಕಾಗದದ ಅಚ್ಚುಗಳಿಗೆ ಬಣ್ಣದ ದಾರದ ಗಂಟು ಹಾಕಿದ್ದಳು. ಕೆಂಪು ಗಂಟು ಮೊದಲಿನದಕ್ಕೆ, ಹಳದಿ ಅರವತ್ತೆಂಟಕ್ಕೆ, ಕರಿದು ಎಪ್ಪತ್ತಕ್ಕೆ, ನೀಲಿ ರಬ್ಬರಿನ ತುಟಿಯದಕ್ಕೆ. ಅಂಗಡಿಗೆ ಬಂದ ಗಂಡಸರು ಮೊದಲಿನವನ್ನು ತಲೆ ಮೇಲೆ ಹೊತ್ತು, ಕಡೆಯವನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಅವಳಿಗೆ ಅದು ಎಂದೂ ತಿಳಿಯಲಿಲ್ಲ. ಒಂದೊಂದಕ್ಕೂ ಅದರದರ ಕಾಲದ ಕಷ್ಟ ಮೈಮೇಲೆ ಬಂದಿದೆ. ನಾಚುವುದೇನಿದೆ ಅದರಲ್ಲಿ?

ಇನ್ನೊಂದು ಸಂಗತಿ ಉಂಟು, ಅದು ಅವಳಿಗೂ ಹೆರಾಲ್ಡನಿಗೂ ಮಾತ್ರ ಗೊತ್ತಿದ್ದದ್ದು. ಈರವ್ವನ ತಾಯಿ ನಿಂಗವ್ವ ಕೌದಿ ಹೊಲಿಯುವವಳು. ಹಳೆ ಸೀರೆಯ ತುಂಡು ಕೂಡಿಸಿ ಕೌದಿ ಮಾಡಿ, ಕಡೆಯ ಬಾಯಿ ಮುಚ್ಚುವ ಮೊದಲು ಒಳಗೆ ಐದು ಕಾಳು ಜೋಳ ಹಾಕುತ್ತಿದ್ದಳು. "ಹೊದ್ದವರು ಉಂಡು ಮಲಗಿರತಾರ, ಇದೊಂದ ಯಾಕ ಉಪಾಸ ಮಲಗಬೇಕು?" ಅನ್ನುತ್ತಿದ್ದಳು. ಈರವ್ವ ಬಸ್ಸಿನ ಸೀಟಿಗೂ ಹಾಕಿದವಳೇ, ಇಲ್ಲಿ ಬಂದೂ ಹಾಕಿದಳು. ಆದರೆ ಇಲ್ಲಿಯ ಜನ ಚಳಿಗಾಲವಿಡೀ ಈ ಗಾಡಿಗಳನ್ನು ಕೊಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಮೊದಲ ವರ್ಷ ವಸಂತದಲ್ಲಿ ಒಬ್ಬ ಗಿರಾಕಿ ಕೂಗಾಡುತ್ತ ಬಂದ. ಇಲಿ ಸೀಟು ಸೀಳಿ ಐದು ಕಾಳಿಗಾಗಿ ಒಳಗಿನ ಹತ್ತಿಯನ್ನೆಲ್ಲ ಹೊರಗೆ ಹಾಕಿತ್ತು. ಉಳಿದ ಒಂದು ಕಾಳನ್ನು ಹೆರಾಲ್ಡ್ ಅಂಗೈಯಲ್ಲಿಟ್ಟುಕೊಂಡು ಈರವ್ವನ ಮುಂದೆ ಹಿಡಿದ. ಅವಳು ತಲೆ ತಗ್ಗಿಸಿದಳು. ಅವನು ಬಯ್ಯಲಿಲ್ಲ. ದಾರಕ್ಕೆ ಸವರುವ ಜೇನುಮೇಣದ ಉಂಡೆ ತಂದು, ಕಾಳನ್ನು ಅದರಲ್ಲಿ ಒತ್ತಿ, ಉರುಟು ಮಾಡಿ ತೋರಿಸಿದ. ಅಂದಿನಿಂದ ಅವಳು ಹೊಲಿದ ಪ್ರತಿ ಗಾಡಿಯ ಎಡಗಡೆ ಸೀಟಿನಲ್ಲಿ ಮೇಣದ ಒಂದು ಗುಳಿಗೆ, ಒಳಗೆ ಐದು ಜೋಳ. ಇಲಿಗೆ ವಾಸನೆ ಹತ್ತಲಿಲ್ಲ.

ಭಾನುವಾರ ಈರವ್ವ ಇಳಕಲ್ ಸೀರೆ ಉಟ್ಟು, ಮೇಲೆ ಸ್ವೆಟರ್ ಹಾಕಿ, ಎರಡು ಕಾಗದದ ಅಚ್ಚು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತಿದಳು. ಜತೆಗೆ ಶೇಖಪ್ಪ, ಡಬ್ಬಿಯಲ್ಲಿ ರೊಟ್ಟಿ.

ಸರೋವರದ ದಂಡೆಯ ಹುಲ್ಲಿನ ಮೇಲೆ ಗಾಡಿಗಳನ್ನು ವರ್ಷದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು. ಮೊದಲ ಸಾಲು ಎಳೆಯುವ ಹಿಡಿಕೆಯವು, ಆಮೇಲೆ ಒತ್ತುವ ಗುಂಡಿಯವು, ಆಮೇಲೆ ಅರವತ್ತೆಂಟು ಅರವತ್ತೊಂಬತ್ತು, ಕರಿಮೂತಿ, ಎಲ್ಲಕ್ಕೂ ಹಿಂದೆ ಕಸದ ಡಬ್ಬಿಗಳ ಪಕ್ಕ ರಬ್ಬರಿನ ತುಟಿಯವು. ಈರವ್ವ ಹಿಂದಿನಿಂದ ಮುಂದಕ್ಕೆ ನಡೆದಳು. ಹೋಗುವಾಗ ಒಂದೊಂದರ ಸೀಟನ್ನು ಬಗ್ಗಿ ನೋಡುತ್ತ, "ಇದು ನಂದು... ಇದೂ ನಂದು... ಇದ್ಯಾರೋ ಕೈ ಬಾರದವರು ಹೊಲದಾರ" ಅನ್ನುತ್ತಿದ್ದಳು.

"ಸಾವಕಾಶ" ಅಂದ ಶೇಖಪ್ಪ, "ನೆಂಟರ ಮನಿಗೆ ಬಂದಂಗ ಮಾತಾಡಸ್ಕೋತ ಹೊಂಟೀಯಲ್ಲ."

ಮೊದಲ ಸಾಲಿನ ನಟ್ಟನಡುವೆ ಆ ಕೆಂಪು ಗಾಡಿ. ಮುಂದೆ ಡೆರೆಕ್. ಪಕ್ಕದಲ್ಲಿ ಸತ್ಯಪ್ರಕಾಶ, ಹೊಸ ಟೋಪಿ. ಬಿಳಿ ಮೀಸೆಯ ಪರೀಕ್ಷಕ ಮುದುಕ ಹಲಗೆಗೆ ಸಿಕ್ಕಿಸಿದ ಕಾಗದದಲ್ಲಿ ಬರೆಯುತ್ತಿದ್ದ. ಸುತ್ತ ಹತ್ತು ಹದಿನೈದು ಜನ. ಡೆರೆಕ್ ಅದೇ ಮಾತು ಹೇಳುತ್ತಿದ್ದ: ಕೈಗಳು, ಸತ್ತುಹೋದ ಕೈಗಳು.

ಈರವ್ವ ಜನರ ನಡುವೆ ತೂರಿ ಮುಂದೆ ಬಂದು ಸತ್ಯಪ್ರಕಾಶನಿಗೆ ಅಂದಳು: "ತಮ್ಮಾ, ಆ ಹಿರ್ಯಾರಿಗೆ ಹೇಳ್ರಿ. ಈ ಸೀಟು ಹೊಲದ ಕೈ ಸತ್ತಿಲ್ಲ, ಇಲ್ಲೇ ನಿಂತೈತಿ. ಇದು ಅರವತ್ಮೂರರ ಗಾಡಿ ಅಲ್ಲ, ಅರವತ್ತೆಂಟರದು."

ಸತ್ಯಪ್ರಕಾಶನ ಮುಖ ಇಳಿಯಿತು. ಅವನು ಪರೀಕ್ಷಕನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ, "ಸೀಟುಗಳು ವೆರಿ ನೈಸ್ ಅಂತಿದಾರೆ" ಅಂದ.

"ತಮ್ಮಾ, ಹನ್ನೆರಡು ವರ್ಷ ಈ ಊರಾಗ ದುಡದೀನಿ. ವೆರಿ ನೈಸ್ ಅಂದ್ರ ಏನಂತ ನನಗ ಗೊತ್ತೈತಿ. ನಾ ಅದನ್ನ ಅಂದಿಲ್ಲ."

ಶೇಖಪ್ಪ ಹಿಂದಿನಿಂದ ಕಿಸಕ್ಕನೆ ನಕ್ಕ. ಈರವ್ವ ಪರೀಕ್ಷಕನ ಎದುರು ನಿಂತು ತನ್ನ ಎದೆ ಮುಟ್ಟಿಕೊಂಡು ಹೇಳಿದಳು: "ಐ ಸ್ಟಿಚ್. ನೈಂಟಿ ಫೋರ್. ಮಿಸ್ಟರ್ ಹೆರಾಲ್ಡ್ ಶಾಪ್. ಗ್ರೀನ್ ಕಾರ್. ಯೂನಿಯನ್‌ವಿಲ್ ಪಿಯಾನೋ ಟೀಚರ್."

ಡೆರೆಕ್ ನಗುತ್ತ ಅವಳ ಹೆಗಲ ಮೇಲೆ ಕೈ ಇಟ್ಟ. "ನಮ್ಮ ಹೊಲಿಗೆಯವಳು. ನೂರಾರು ಸೀಟು ಹೊಲಿದಿದ್ದಾಳೆ ಪಾಪ, ಎಲ್ಲ ಒಂದೇ ಥರ ಕಾಣುತ್ತವೆ ಅವಳಿಗೆ."

ಈರವ್ವ ಆ ಕೈಯನ್ನು ಹೆಗಲಿನಿಂದ ಎತ್ತಿ, ಅವನದೇ ಜೇಬಿನ ಹತ್ತಿರ ಬಿಟ್ಟಳು. ಕಾಗದದ ಅಚ್ಚು ಬಿಡಿಸಿದಳು. ಕೆಂಪು ಗಂಟಿನದನ್ನು ಸೀಟಿನ ನಡುವಿನ ಉಬ್ಬಿನ ಮೇಲೆ ಹಾಸಿದಳು. ಎರಡೂ ಕಡೆ ನಾಲ್ಕು ಬೆರಳು ಸಾಲಲಿಲ್ಲ. ಹಳದಿ ಗಂಟಿನದನ್ನು ಹಾಸಿದಳು. ಮೈಗೆ ಅಂಗಿ ಕೂತ ಹಾಗೆ ಕೂತಿತು. ಹಿಡಿಕೆ ಬದಲಿಸಬಹುದು, ಬಣ್ಣ ಬದಲಿಸಬಹುದು, ತುಕ್ಕು ತಿಂದು ಸತ್ತ ಅರವತ್ಮೂರರ ಗಾಡಿಯ ನಂಬರ್ ಪಟ್ಟಿ ತಂದು ಇದಕ್ಕೆ ಹೊಡೆಯಬಹುದು; ತಗಡಿನ ಉಬ್ಬನ್ನು ಮಾತ್ರ ಯಾರೂ ಸಣ್ಣ ಮಾಡಿರಲಿಲ್ಲ, ಕಾರ್ಪೆಟ್ಟಿನ ಕೆಳಗೆ ಯಾರು ನೋಡುತ್ತಾರೆ ಅಂತ.

ಪರೀಕ್ಷಕನ ಪೆನ್ನು ನಿಂತಿತು.

"ತಗಡಿನ ಮಾತಾಯ್ತು. ಇನ್ನ ಸೀಟಿನ ಮಾತು" ಅಂದಳು ಈರವ್ವ. "ತಮ್ಮಾ, ಈಗ ಸರಿಯಾಗಿ ಹೇಳ್ರಿ. ಈ ಎಡಗಡೆ ಸೀಟಿನ ಮೂಲ್ಯಾಗ ಮೇಣದ ಗುಳಿಗಿ ಐತಿ. ಅದರಾಗ ಐದು ಜ್ವಾಳ. ಬಿಚ್ಚತೀನಿ. ಸಿಗಲಿಲ್ಲ ಅಂದ್ರ ಇಲ್ಲೇ, ಎಲ್ಲಾರ ಮುಂದ, ನಾ ಸುಳ್ಳಗಿತ್ತಿ ಅಂತ ಒಪ್ಪಿಕೊಂಡು ಹೋಗ್ತೀನಿ."

ಸತ್ಯಪ್ರಕಾಶ ಬೆವರು ಒರೆಸಿಕೊಂಡ. ಎರಡು ವರ್ಷ ಹುಡುಕಿದ ಗಾಡಿ. ಆದರೂ ಈ ಸಲ ಒಂದೂ ಬಿಡದೆ ಹೇಳಿದ. ಜೋಳದ ಹತ್ತಿರ ತಡವರಿಸಿದ. "ಜೋಳಕ್ಕೆ ಇಂಗ್ಲಿಷಲ್ಲಿ ಏನಂತಾರೆ... ಕಾರ್ನ್ ಅಲ್ಲ..."

"ಮೈಸೂರವರಿಗೆ ಜ್ವಾಳ ಕೇಳಿದ್ರ ಹೆಂಗ?" ಅಂದ ಶೇಖಪ್ಪ. ಡಬ್ಬಿ ತೆಗೆದು ರೊಟ್ಟಿ ಎತ್ತಿ ತೋರಿಸಿದ. "ಇದರದು ಅಂತ ಹೇಳ್ರಿ."

ಡೆರೆಕ್‌ನ ನಗು ಈಗ ಪೂರ್ತಿ ಹೋಗಿತ್ತು. ಬಾಗಿಲಿಗೆ ಅಡ್ಡ ನಿಂತು ಒಂದೊಂದೇ ಮಾತು ಬಿಡಿಸಿ ಹೇಳಿದ: "ನನ್ನ ಗಾಡಿಗೆ ಕೈ ಹಚ್ಚಿದರೆ ನಾಳೆಯಿಂದ ನಿನಗೆ ಕೆಲಸ ಇಲ್ಲ."

ಈರವ್ವನಿಗೆ ಕಿಟಕಿಯ ಹತ್ತಿರದ ಕುರ್ಚಿ ಕಣ್ಣ ಮುಂದೆ ಬಂತು. ಅದರ ಬಲಗೈ ಸವೆದು ನುಣ್ಣಗಾಗಿತ್ತು, ಅವಳದೇ ಮೊಣಕೈಯಿಂದ. ಒಂದು ಉಸಿರು ಎಳೆದುಕೊಂಡಳು.

"ನೋ ಜಾಬ್, ಓಕೆ" ಅಂದಳು. "ನೀ ಅತ್ತಾಗ ಸರಿ."

ಅವನು ಸರಿಯಲಿಲ್ಲ. ಪರೀಕ್ಷಕ ಮುದುಕ ಕೆಮ್ಮಿ, ರಿಬ್ಬನ್ನು ಬೇಕಿದ್ದರೆ ಬಾಗಿಲು ಬಿಡಬೇಕು ಎಂದ. ಜನ ಹತ್ತಿರ ಬಂದರು. ಡೆರೆಕ್ ಒಂದು ಹೆಜ್ಜೆ ಹಿಂದೆ ಇಟ್ಟ. ಈರವ್ವ ಸೀರೆ ಸಾವರಿಸಿಕೊಂಡು ಎಡಗಡೆ ಸೀಟಿನಲ್ಲಿ ಕೂತು, ಸೊಂಟದ ಚೀಲದಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದು, ಆ ಮೂರು ಒತ್ತು ಹೊಲಿಗೆಯನ್ನು ಒಂದಾದ ಮೇಲೆ ಒಂದು ಎತ್ತಿದಳು. ಎರಡು ಬೆರಳು ಒಳಗೆ ತೂರಿಸಿದಳು.

ಏನೂ ಸಿಗಲಿಲ್ಲ.

ಹತ್ತಿ. ಇನ್ನಷ್ಟು ಹತ್ತಿ. ಬೆರಳು ಗೆಣ್ಣಿನ ತನಕ ಹೋಯಿತು. ಡೆರೆಕ್‌ನ ಉಸಿರು ಸಡಿಲವಾದದ್ದು ಅವಳ ಕಿವಿಗೇ ಬಿತ್ತು. ಸತ್ಯಪ್ರಕಾಶ ಟೋಪಿ ತೆಗೆದು ಹಿಡಿದಿದ್ದ.

ಈರವ್ವ ಕಣ್ಣು ಮುಚ್ಚಿದಳು. ಒಂಬತ್ತು ವರ್ಷ ಈ ಸೀಟಿನ ಮೇಲೆ ಜನ ಕೂತಿದ್ದಾರೆ. ಕೂತರೆ ಭಾರ ಹಿಂದಕ್ಕೆ ಬೀಳುತ್ತದೆ. ಹತ್ತಿ ಹಿಂದಕ್ಕೆ ಸರಿಯುತ್ತದೆ. ಅದರ ಜತೆ ಗುಳಿಗೆಯೂ ಸರಿದಿರಬೇಕಲ್ಲ? ಬೆರಳನ್ನು ಹೊರಗೆ ತೆಗೆಯದೆ ಬೆನ್ನಿನ ಕಡೆ ತಿರುಗಿಸಿದಳು. ಚರ್ಮ ಮಡಚುವ ಸಂದಿನಲ್ಲಿ, ಗಟ್ಟಿಯಾದ್ದು, ಉರುಟಾದ್ದು.

ಹೊರಗೆ ತೆಗೆದು ಉಗುರಿನಿಂದ ಒಡೆದಳು. ಮೇಣ ಕಪ್ಪಾಗಿತ್ತು. ಕಾಳು ಬೆಳ್ಳಗೇ ಇದ್ದವು. ಪರೀಕ್ಷಕನ ಅಂಗೈಯಲ್ಲಿ ಒಂದೊಂದೇ ಇಟ್ಟಳು, ಐದು.

"ಮೈ ಹ್ಯಾಂಡ್" ಅಂದಳು, ಡೆರೆಕ್‌ನ ಕಡೆ ನೋಡಿ. "ನಾಟ್ ಡೆಡ್."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬ ಮಾತ್ರ ಉದ್ದಕ್ಕೆ ಸಿಳ್ಳೆ ಹಾಕಿದ. ಪರೀಕ್ಷಕ ಹಲಗೆಯ ಕಾಗದದಲ್ಲಿ ಒಂದು ಗೀಟು ಎಳೆದು, ಗಾಡಿಯನ್ನು ಮೂರನೇ ಸಾಲಿಗೆ ಕಳಿಸಿ ಎಂದ. ಡೆರೆಕ್ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಹೆಂಗಸು ಇಳಿಯುವ ತನಕ ಗಾಡಿ ಅಲುಗುವುದಿಲ್ಲ ಎಂದು ಕೂಗಿದ.

ಈರವ್ವ ಇಳಿಯಲಿಲ್ಲ. ಸೂಜಿಗೆ ದಾರ ತೂರಿಸುತ್ತಿದ್ದಳು.

"ಅಮ್ಮಾ, ಇಳೀರಿ ಸಾಕು, ಪೊಲೀಸಿಗೆ ಕಾಲ್ ಮಾಡ್ತಾನೆ" ಅಂದ ಸತ್ಯಪ್ರಕಾಶ.

"ಮಾಡ್ಲಿ. ಬಿಚ್ಚಿದ್ದು ನಾ. ಹೊಲೀದ ಹೆಂಗ ಇಳೀಲಿ? ಆ ಕಾಳು ಇಸ್ಕೊಂಡು ಕೊಡ್ರಿ ಇಲ್ಲೆ." ಕಾಳು ಬಂದವು. ಹೊಸ ಮೇಣದಲ್ಲಿ ಸುತ್ತುತ್ತ ಅವಳು ತಲೆ ಎತ್ತದೆ ಕೇಳಿದಳು: "ಸಿಟ್ಟು ಬಂದೈತೇನು?"

"ಬಂದಿದೆ. ನಿಮ್ಮ ಮೇಲೂ ಬಂದಿದೆ. ಗುರುವಾರ ಕೇಳಿದಾಗ ಯಾಕೆ ಹೇಳಲಿಲ್ಲ?"

"ಅಂಜಿದ್ದೆ" ಅಂದಳು ಈರವ್ವ. "ಅದಕ್ಕ ಬಸ್ ಹತ್ತಿ ಬಂದೆ. ಆದ್ರ ಒಂದು ಹೇಳ್ತೀನಿ, ಈ ಗಾಡಿ ಮ್ಯಾಲ ಸಿಟ್ಟಾಗಬ್ಯಾಡ್ರಿ. ಅರವತ್ತೆಂಟು ಅಂದ್ರ ಇದಕ್ಕೇನ್ ಕಡಿಮಿ ಆತು? ಅಕ್ಕನಕಿಂತ ತಂಗಿಯ ಗೇರು ಛಲೋ. ಸುಳ್ಳು ಹೇಳಿದ್ದು ಅಂವ. ಇದು ಬಾಯಿ ಬಿಟ್ಟೈತೇನು?"

ಸತ್ಯಪ್ರಕಾಶ ಟೋಪಿ ತಲೆಗೆ ಹಾಕಿಕೊಂಡು, ಬಾಗಿಲಿನಿಂದ ಒಳಗೆ ಕೈ ಹಾಕಿ ಹ್ಯಾಂಡ್‌ಬ್ರೇಕು ಇಳಿಸಿ, ಗಾಡಿಯ ಹಿಂದೆ ಹೋಗಿ ಎರಡೂ ಕೈ ಊರಿದ. "ಅಮ್ಮಾ, ಸ್ಟೇರಿಂಗ್ ಹಿಡ್ಕೊಂಡಿರಿ."

"ನನ್ನ ಕೈ ಖಾಲಿ ಇಲ್ಲ. ರೀ, ನೀವು ಹಿಡೀರಿ" ಅಂದಳು ಗಂಡನಿಗೆ.

ಆ ಗಾಡಿಗಳ ಸ್ಟೇರಿಂಗು ಇಲ್ಲಿ ಎಡಗಡೆ. ಶೇಖಪ್ಪ ಹೆಂಡತಿಯ ಪಕ್ಕ ಬಾಗಿಲ ಹೊರಗೆ ನಿಂತು, ಅವಳ ತಲೆ ಮೇಲಿಂದ ಕೈ ಚಾಚಿ ಚಕ್ರ ಹಿಡಿದ. ಸತ್ಯಪ್ರಕಾಶ ದೂಡಿದ. ಸಿಳ್ಳೆ ಹಾಕಿದವನೂ ಕೈ ಕೊಟ್ಟ, ಇನ್ನಿಬ್ಬರು ಬಂದರು. ಡೆರೆಕ್ ಜತೆಜತೆಗೆ ನಡೆಯುತ್ತ ಏನೇನೋ ಅನ್ನುತ್ತಿದ್ದ. ಅವನ ಜೇಬಿನಲ್ಲಿ ಕೀಲಿ ಮಾತ್ರ ಸದ್ದು ಮಾಡಿತು. ಕೆಂಪು ಗಾಡಿ ಹುಲ್ಲಿನ ಮೇಲೆ ಮೆಲ್ಲಗೆ ಉರುಳಿ, ಎಳೆಯುವ ಹಿಡಿಕೆಯವನ್ನು ದಾಟಿ, ಒತ್ತುವ ಗುಂಡಿಯವನ್ನು ದಾಟಿ, ತನ್ನ ಸಾಲಿನಲ್ಲಿ ಎರಡು ಅರವತ್ತೆಂಟರ ನಡುವಿನ ಜಾಗಕ್ಕೆ ಬಂದು ನಿಂತಿತು. ದಾರಿಯುದ್ದಕ್ಕೂ ಈರವ್ವ ಹೊಲಿಯುತ್ತಲೇ ಇದ್ದಳು, ಕುಲುಕಾಟಕ್ಕೆ ಒಂದು ಹೊಲಿಗೆಯೂ ಸೊಟ್ಟ ಬೀಳದಂತೆ.

"ಊರು ಬಂತು, ಇಳೀ" ಅಂದ ಶೇಖಪ್ಪ.

"ತಡೀರಿ. ಗಂಟು ಹಾಕ್ಲಿ" ಅಂದು ಅವಳು ದಾರವನ್ನು ಹಲ್ಲಿನಿಂದ ಕಡಿದಳು.